ಅಟ್ಟಣೆ ಮೇಲಿನ ಆಫೀಸು

ಕೂತು ಮಾಡುವ ಕೆಲಸದಿಂದ ಮೈ ಕೆಡಿಸಿಕೊಂಡವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಹೊರೆ ಹೊತ್ತು ಅಲ್ಲ, ಬಿಸಿಲಲ್ಲಿ ದುಡಿದು ಅಲ್ಲ, ಬರೀ ಕೂತು. ಸೊಂಟ ಹಿಡಿದು, ಕತ್ತು ತಿರುಗದೆ, ಕಾಲು ಮರಗಟ್ಟಿ, ಅದನ್ನು ಮನೆಯವರ ಹತ್ತಿರ ಹೇಳಲು ನಾಚಿಕೆಯಾಗಿ ಬಾಯಿ ಮುಚ್ಚಿಕೊಂಡಿದ್ದು ಉಂಟಾ? ನಾನು ಮುಚ್ಚಿಕೊಂಡಿದ್ದೆ. ಇವತ್ತು ಬರೆಯುತ್ತಿರುವುದು ಅದನ್ನೇ. ಸ್ವಲ್ಪ ಅಸಹ್ಯ ಅನ್ನಿಸಬಹುದು. ಊಟ ಮಾಡುತ್ತಾ ಓದುತ್ತಿದ್ದರೆ ಊಟ ಮುಗಿಸಿ ಬನ್ನಿ.

ನಮ್ಮ ಮನೆ ಕಾಟ್ಟಿಕುಳಂ ದಾಟಿ ಬಾವಲಿ ಕಡೆ ಹೋಗುವ ರಸ್ತೆಯಿಂದ ಒಳಗೆ. ಮನೆ ಮುಂದೆ ಇಳಿಜಾರು, ಕೆಳಗೆ ಗದ್ದೆ, ಗದ್ದೆಯ ಆಚೆ ಬಾಳೆ, ಬಾಳೆ ಮುಗಿದ ಕೂಡಲೇ ಕಾಡು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮಲಯಾಳ. ಸ್ಕೂಲು, ಪಂಚಾಯತ್ತು, ಬ್ಯಾಂಕು, ಬಸ್ಸು ಎಲ್ಲ ಮಲಯಾಳವೇ. ನಾನು ಓದಿದ್ದೂ ಮಲಯಾಳದಲ್ಲಿ. ಕನ್ನಡ ಅಕ್ಷರ ಕಲಿತದ್ದು ಗಡಿಯಾಚೆಯ ತವರಿನಿಂದ ಬಂದಿದ್ದ ಅಮ್ಮನ ಹತ್ತಿರ, ಒಲೆ ಮುಂದೆ. ನಲವತ್ತು ದಾಟುವವರೆಗೆ ನನ್ನ ಕನ್ನಡಕ್ಕೆ ಅಡುಗೆಮನೆ ಬಿಟ್ಟರೆ ಬೇರೆ ಕೆಲಸವೇ ಇರಲಿಲ್ಲ.

ಆಮೇಲೆ ಕೊರೊನಾ ಬಂತು. ನಾನು ಟೈಪಿಂಗ್ ಮಾಡುತ್ತಿದ್ದ ಕಾಟ್ಟಿಕುಳಂನ ಅಂಗಡಿ ಮುಚ್ಚಿತು. ಅಂಗಡಿಯವರ ಕಡೆಯಿಂದಲೇ ಇನ್ನೊಂದು ಕೆಲಸ ಸಿಕ್ಕಿತು. ಮಿಕ್ಸಿ, ಗ್ರೈಂಡರ್ ಮಾಡುವ ಒಂದು ಕಂಪನಿಗೆ ಮನೆಯಲ್ಲೇ ಕೂತು ಫೋನ್ ತೆಗೆಯುವುದು. ಕರೆ ಮಾಡುವವರೆಲ್ಲ ಕರ್ನಾಟಕದವರು. ಅವರಿಗೆ ಬೇಕಾಗಿದ್ದದ್ದು ಕನ್ನಡ ಮಾತಾಡುವ, ಕಂಪ್ಯೂಟರ್ ಗೊತ್ತಿರುವ ಹೆಂಗಸು. ಮೊದಲ ವಾರ ಒಬ್ಬ ಅಜ್ಜಿ ಹಾಸನದ ಕಡೆಯಿಂದ ಫೋನ್ ಮಾಡಿ, ಗ್ರೈಂಡರ್ ವಿಷಯ ಮುಗಿದ ಮೇಲೂ, "ನಿನ್ ಮಾತು ಚೆಂದಾಗದೆ ಕಣವ್ವಾ, ಯಾವೂರು?" ಎಂದು ಕೇಳಿದರು. ಆ ದಿನ ನನಗೆ ಊಟ ಬೇಕಾಗಲಿಲ್ಲ. ಈ ಕೆಲಸ ಬಿಡುವುದೆಂದರೆ ನನಗೆ ಏನು ಎಂದು ನಿಮಗೆ ಗೊತ್ತಾಗಲಿ ಅಂತ ಇದನ್ನು ಹೇಳಿದೆ.

ಒಂದೇ ತೊಂದರೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಬಾಗಿಲಲ್ಲಿ ಇಲ್ಲ, ಹಿತ್ತಲಲ್ಲಿ ಇಲ್ಲ, ಮಾಳಿಗೆಯಲ್ಲೂ ಇಲ್ಲ. ಇರುವುದು ಗದ್ದೆಯ ಮೂಲೆಯ ಅಟ್ಟಣೆ ಮೇಲೆ ಮಾತ್ರ. ಆನೆ, ಹಂದಿ ಕಾಯಲು ಮರದ ಕವಲಿಗೆ ಕಟ್ಟುವ ಅಟ್ಟಣೆ. ಇಲ್ಲಿ ಮಲಯಾಳದವರು ಏರುಮಾಡ ಎನ್ನುತ್ತಾರೆ. ಸಂಜೆ ಆದರೆ ನನ್ನ ಗಂಡ ಅಲ್ಲಿ ಹತ್ತಿ ಕೂತು ಬಾಳೆ, ಗದ್ದೆ ಎರಡನ್ನೂ ಕಾಯುವುದು. ಹಗಲು ಅದು ಖಾಲಿ. ಹಾಗಾಗಿ ರಾತ್ರಿ ಪಾಳಿ ಅವರದು, ಹಗಲು ಪಾಳಿ ನನ್ನದು ಎಂದಾಯಿತು. ನಾವಿಬ್ಬರೂ ಏಣಿ ಬುಡದಲ್ಲಿ ಬ್ಯಾಟರಿ, ಬುತ್ತಿ ಬದಲಾಯಿಸಿಕೊಳ್ಳುವುದನ್ನು ನೋಡಿ ಅತ್ತೆ ನಗುತ್ತಿದ್ದರು.

ಮನೆಯಿಂದ ಕೆಲಸ ಎಂದರೆ ಬೇರೆಯವರು ಏನು ಅಂದುಕೊಳ್ಳುತ್ತಾರೋ. ನನ್ನದು ಹೀಗಿತ್ತು. ಮೇಲೆ ಹುಲ್ಲಿನ ಮಾಡು, ಅದರ ಮೇಲೆ ನೀಲಿ ಟಾರ್ಪಾಲು. ಮಾಡು ಎಷ್ಟು ತಗ್ಗು ಎಂದರೆ ನೆಟ್ಟಗೆ ಕೂತರೆ ತಲೆಗೆ ಗಳ ತಾಗುತ್ತದೆ. ಕೆಳಗೆ ಸೀಳದ ಉಂಡೆ ಬಿದಿರು ಒತ್ತಾಗಿ ಹಾಸಿ ಕಟ್ಟಿದ್ದು. ಅದರ ಮೇಲೆ ಗೋಣಿ, ಗೋಣಿ ಮೇಲೆ ನಾನು, ಚಕ್ಕಳ ಮಕ್ಕಳ. ಮುಂದೆ ಒಂದು ಊಟದ ಮಣೆ, ಮಣೆ ಮೇಲೆ ಲ್ಯಾಪ್‌ಟಾಪ್. ಕತ್ತು ಬಗ್ಗಿಸಿ, ಬೆನ್ನು ಬಿಲ್ಲು ಮಾಡಿ, ಒರಗಲು ಏನೂ ಇಲ್ಲದೆ ಬೆಳಿಗ್ಗೆಯಿಂದ ಸಂಜೆವರೆಗೆ. ಕರೆಂಟು ಪಂಪ್‌ಸೆಟ್ಟಿನ ಮನೆಯಿಂದ. ವಯರನ್ನು ಬಿದಿರು ಕಂಬಕ್ಕೆ ಕಟ್ಟಿ ಗದ್ದೆ ಮೇಲಿಂದಲೇ ಎಳೆದಿದ್ದರು. ಜೋಡಿಸಿದ ಕಡೆ ಪ್ಲಾಸ್ಟಿಕ್ ಕವರು ಸುತ್ತಿದ್ದು. ಆ ಅಪಾಯ ಆಗ ಯಾರಿಗೂ ಹೊಳೆಯಲಿಲ್ಲ.

ಬೇಸಿಗೆಯಲ್ಲಿ ಹೇಗೋ ನಡೆಯಿತು. ಸೊಂಟ ನೋಯುತ್ತಿತ್ತು, ರಾತ್ರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ. ಅತ್ತೆ ಕೇಳಿದರೆ "ಮಲಗಿದ್ದು ಸರಿಯಾಗಲಿಲ್ಲ" ಎನ್ನುತ್ತಿದ್ದೆ. ಅರವತ್ತು ದಾಟಿದ ಆ ಹೆಂಗಸು ದಿನವಿಡೀ ಹಾರೆ ಹಿಡಿದು ಬಂದು ನನ್ನ ಮುಂದೆ ಕೂತಿರುವಾಗ, ಕೂತೂ ಕೂತೂ ನನಗೆ ನೋವು ಎಂದು ಹೇಗೆ ಹೇಳಲಿ?

ನಿಜವಾದ ಕಷ್ಟ ಶುರುವಾದದ್ದು ನಾಟಿ ಬಂದಾಗ. ನಮ್ಮಲ್ಲಿ ನಾಟಿಗೆ ಮುಯ್ಯಾಳು. ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯವರು, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯವರು. ಎಲ್ಲರ ಗದ್ದೆಯೂ ಅಟ್ಟಣೆ ಸುತ್ತಲಿನ ಒಂದೇ ಬಯಲಲ್ಲಿ. ಮನೆಗೊಬ್ಬ ಹೆಂಗಸು ಇಳಿಯಲೇಬೇಕು. ಎಲ್ಲ ವರ್ಷ ಅಂಗಡಿಗೆ ರಜೆ ಹಾಕಿ ನಾನು ಇಳಿಯುತ್ತಿದ್ದೆ. ಆ ವರ್ಷ ನನ್ನ ಬದಲು ಅತ್ತೆ ಇಳಿದರು. ನಾನು ಅವರ ತಲೆ ಮೇಲೆಯೇ, ಮಾಡಿನ ಕೆಳಗೆ, ಒಣಗಿದ ಸೀರೆಯಲ್ಲಿ ಕೂತು "ನಮಸ್ಕಾರ, ಹೇಳಿ, ನಿಮಗೆ ಹೇಗೆ ಸಹಾಯ ಮಾಡಲಿ" ಎನ್ನುತ್ತಿದ್ದೆ. ಕೆಳಗೆ ಒಂದು ಸಾಲು ಹೆಂಗಸರು ಮೊಣಕಾಲು ಕೆಸರಲ್ಲಿ ಬಗ್ಗಿ ಪೈರು ನೆಡುತ್ತಿದ್ದರು.

ಮೊದಲ ದಿನ ಮೂತ್ರಕ್ಕೆ ಎಂದು ಏಣಿ ಇಳಿದೆ. ಪಕ್ಕದ ಮನೆಯ ದೊಡ್ಡವ್ವ ಸೊಂಟ ನೆಟ್ಟಗೆ ಮಾಡಿ ನೋಡಿದರು. ನಾಟಿಯಲ್ಲಿ ಅವರದೇ ಬಾಯಿ.

"ಏನವ್ವಾ ಮೇಡಮ್ಮು, ಸುಸ್ತಾಯ್ತಾ?"

"ಇಲ್ಲ ದೊಡ್ಡವ್ವ, ಸುಮ್ನೆ ಮನೆ ತನಕ."

"ಕುಂತ್ಕಂಡೇ ಸುಸ್ತಾದ್ರೆ ನಾವೇನ್ ಮಾಡದು? ನಮ್ಗೂ ಒಂದೊಂದು ಅಟ್ಟಣೆ ಕಟ್ಟಿಸ್ಕೊಡು, ಮೇಲಿಂದ್ಲೇ ಪೈರು ಎಸೀತೀವಿ, ಬೇರು ಬುಟ್ಕಂಡ್ರೆ ಬುಟ್ಕಳ್ಳಿ."

ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ, ನಾಟಿ ಗದ್ದೆಯಲ್ಲಿ ಯಾರನ್ನೂ ಬಿಡುವುದಿಲ್ಲ. ಆದರೆ ನನಗೆ ಕಿವಿ ಬಿಸಿಯಾಯಿತು. ಮೇಲೆ ಇನ್ನೊಂದು, ಕಂಪನಿ ಕೊಡುವ ಚಿಕ್ಕ ಬಿಡುವು ಹತ್ತು ನಿಮಿಷ. ಬದುವಿನ ಮೇಲೆ ಜಾರದ ಹಾಗೆ ಮನೆಗೆ ಹೋಗಿ ಬರಲು ಅದು ಸಾಲದು. ಆ ದಿನ ತಡವಾಗಿ ಬಂದದ್ದಕ್ಕೆ ಮೈಸೂರಿನಲ್ಲಿ ಕೂತಿರುವ ನಮ್ಮ ಟೀಮ್ ಲೀಡರ್ ಹುಡುಗಿ, "ಮ್ಯಾಮ್, ಬ್ರೇಕ್ ಸ್ವಲ್ಪ ನೋಡ್ಕೊಳ್ಳಿ" ಎಂದು ಮೆಸೇಜ್ ಹಾಕಿದಳು.

ಮರುದಿನದಿಂದ ನಾನು ಇಳಿಯುವುದನ್ನೇ ಬಿಟ್ಟೆ. ಇಳಿಯಬಾರದು ಎಂದರೆ ಕುಡಿಯಬಾರದು. ಬೆಳಿಗ್ಗೆ ಅರ್ಧ ಲೋಟ ಕಾಫಿ, ಅಷ್ಟೇ. ಗಂಡ ತುಂಬಿಸಿಕೊಟ್ಟ ನೀರಿನ ಬಾಟಲಿಯನ್ನು ಸಂಜೆ ಹೊತ್ತಿಗೆ ಮಾಡಿನ ಅಂಚಿನಿಂದ ಹೊರಗೆ ಚೆಲ್ಲಿ ಖಾಲಿ ಮಾಡುತ್ತಿದ್ದೆ. ಮಧ್ಯಾಹ್ನದ ಬುತ್ತಿ ಮೇಲೆಯೇ. ಕಾಲು ಚಾಚಲೂ ಒಂಥರಾ, ಕೆಳಗಿನವರು ನೋಡಿದರೆ ಮಲಗಿದ್ದಾಳೆ ಅಂದುಕೊಳ್ಳುತ್ತಾರೆ ಎಂದು. ಹಾಗೇ ಕಟ್ಟಿಹಾಕಿದ ಹಾಗೆ ಕೂತಿರುತ್ತಿದ್ದೆ.

ನಾಟಿ ಮುಗಿಯಲು ಒಂದು ವಾರವಷ್ಟೇ ಬಾಕಿ ಇದ್ದ ಒಂದು ಮಧ್ಯಾಹ್ನ. ಕೆಳಹೊಟ್ಟೆ ಬೆಳಿಗ್ಗೆಯಿಂದಲೇ ಚುಚ್ಚುತ್ತಿತ್ತು. ದಾವಣಗೆರೆಯ ಒಬ್ಬರು ಮಿಕ್ಸಿ ಜಾರಿನ ಮುಚ್ಚಳದ ಬಗ್ಗೆ ಹೇಳುತ್ತಾ ಹೇಳುತ್ತಾ ಮಗಳ ಮದುವೆವರೆಗೆ ಹೋಗಿದ್ದರು. ಅವರು ಫೋನ್ ಇಟ್ಟ ಕೂಡಲೇ ಇನ್ನು ಆಗುವುದಿಲ್ಲ, ಯಾರು ಏನಾದರೂ ಅನ್ನಲಿ ಎಂದು ಏಳಲು ಹೋದೆ. ಕಾಲು ಇರಲಿಲ್ಲ. ನಿಜವಾಗಿ ಹೇಳುತ್ತಿದ್ದೇನೆ, ಸೊಂಟದಿಂದ ಕೆಳಗೆ ಬೇರೆ ಯಾರದೋ ಮೈ. ಕೈಯೂರಿ ಎದ್ದರೆ ಬೆನ್ನು ಮಧ್ಯಕ್ಕೆ ಹಿಡಿದುಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ನಾಲ್ಕು ಕಾಲಲ್ಲಿ ನಿಂತ ದನದ ಹಾಗೆ ಗೋಣಿ ಮೇಲೆ ನಿಂತೆ.

ಗಂಡನಿಗೆ ಫೋನ್ ಮಾಡಿದೆ. ಅವರು ಗೊಬ್ಬರ ತರಲು ಹೋಗಿದ್ದರು, ತೆಗೆಯಲಿಲ್ಲ. ಅತ್ತೆ ಕೂಗಳತೆಯಲ್ಲೇ ಇದ್ದರು. ಆದರೆ ಅವರನ್ನು ಕೂಗಿದರೆ ಉಳಿದವರೆಲ್ಲ ನೋಡುತ್ತಾರೆ. ಅಷ್ಟರಲ್ಲಿ ಇನ್ನೊಂದು ಕರೆ ತಾನಾಗಿ ಬಂದು ಕೂತಿತು. ನೀವು ನಂಬುವುದಿಲ್ಲ, ಅದೇ ಭಂಗಿಯಲ್ಲಿ ನಾನು ಆ ಕರೆಗೂ ನಮಸ್ಕಾರ ಹೇಳಿದೆ. ಅವರು ವಿಳಾಸ ಹೇಳುತ್ತಿದ್ದಾಗ ಬೆನ್ನಲ್ಲಿ ಇನ್ನೊಂದು ಸೆಳೆತ ಬಂತು. ಹೆಡ್‌ಫೋನ್ ಕಿತ್ತು ಹಾಕಿ "ಅತ್ತೇ" ಎಂದು ಕಿರುಚಿದೆ.

ಅತ್ತೆ ಕೈಯಲ್ಲಿದ್ದ ಪೈರಿನ ಕಟ್ಟು ಬಿಟ್ಟು ಬಂದರು. ಹಿಂದೆ ದೊಡ್ಡವ್ವ.

"ಏನ್ ಮಗಾ, ಹಾವಾ?"

"ಹಾವಲ್ಲ ಅತ್ತೆ. ಇಳಿಯೋಕಾಗ್ತಿಲ್ಲ."

"ಹತ್ತಿದ್ದೋಳು ಇಳಿಯೋಕಾಗದೇ ಇರದು ಹೆಂಗೆ?"

"ಕಾಲು ಇಲ್ಲ ಅತ್ತೆ."

ಅತ್ತೆ ಏಣಿ ಹತ್ತಿ ನನ್ನ ಮುಖ ನೋಡಿ ದೊಡ್ಡವ್ವನನ್ನು ಕರೆದರು. ದೊಡ್ಡವ್ವ ಮೇಲೆ ಬಂದು ನನ್ನ ಕಂಕುಳಿಗೆ ಕೈ ಕೊಟ್ಟು ಅಂಚಿಗೆ ಸರಿಸಿದರು. ಅತ್ತೆ ಎರಡು ಮೆಟ್ಟಿಲು ಕೆಳಗೆ ನಿಂತು, "ಹೆಗಲ ಮೇಲೆ ಕುಂತ್ಕೊ, ಭಾರ ಬುಡು" ಎಂದರು. ನಾನು ಕೂತೆ, ಭಾರ ಬಿಟ್ಟೆ. ಭಾರ ಬಿಟ್ಟ ಕೂಡಲೇ ಬೆಳಿಗ್ಗೆಯಿಂದ ಹಿಡಿದಿದ್ದದ್ದೂ ಬಿಟ್ಟುಹೋಯಿತು.

ಅತ್ತೆಯ ಹೆಗಲ ಮೇಲೆ. ನಲವತ್ತೈದು ವರ್ಷದ ಸೊಸೆ. ಗದ್ದೆಯಲ್ಲಿ ಅಷ್ಟೂ ಹೆಂಗಸರು ನಿಂತು ನೋಡುತ್ತಿರುವಾಗ.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅತ್ತೆ ಒಂದೊಂದೇ ಮೆಟ್ಟಿಲು ಇಳಿದು, ನನ್ನನ್ನು ಬದುವಿನ ಮೇಲೆ ಕೂರಿಸಿ, ಸೆರಗು ಹಿಂಡಿಕೊಳ್ಳುತ್ತಾ ಉಳಿದವರ ಕಡೆ ತಿರುಗಿ, "ಮಳೆ ಬತ್ತಾದೆ, ಬೇಗ ಬೇಗ ನೆಡ್ರಿ" ಎಂದರು. ಮೋಡ ಇರಲಿಲ್ಲ. ಎಲ್ಲರೂ ಬಗ್ಗಿದರು. ಆಮೇಲೆ ಗದ್ದೆ ಪಕ್ಕ ಹರಿಯುವ ತೋಡಿನ ಹತ್ತಿರ ನನ್ನ ಮೇಲೆ ನೀರು ಹಾಕುವಾಗ ಮಾತ್ರ ಒಂದು ಮಾತು ಆಡಿದರು.

"ದಿನಾ ಪೂರ್ತಿ ಆ ಪೆಟ್ಟಿಗೆ ಜೊತೆ ಮಾತಾಡ್ತೀಯಲ್ಲ, ನಂಗೆ ಒಂದ್ ಮಾತು ಹೇಳಾಕೆ ಬಾಯಿ ಇರ್ನಿಲ್ವಾ?"

ಮರುದಿನ ಗಂಡ ಜೀಪಿನಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಮಲಯಾಳದಲ್ಲಿ ಇವರಿಗೆ ಏನು ಕೆಲಸ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಗಂಡ "ವೆರುದೆ ಇರಿಪ್ಪಾಣ್" ಎಂದರು. ಸುಮ್ಮನೆ ಕೂತಿರುವುದು ಎಂದು ಅರ್ಥ. ಅವರು ಕೀಳಾಗಿ ಹೇಳಿದ್ದಲ್ಲ, ನಮ್ಮ ಮನೆಯಲ್ಲಿ ಆ ಕೆಲಸಕ್ಕೆ ಬೇರೆ ಹೆಸರೇ ಇರಲಿಲ್ಲ. ಆದರೆ ನಾನು ಗೋಡೆ ನೋಡಿದೆ. ಡಾಕ್ಟರು ಮೂತ್ರ ಪರೀಕ್ಷೆ ಮಾಡಿಸಿದರು, ಸೋಂಕು ಆಗಿತ್ತು. ಔಷಧಿ ಬರೆದು, ಬೆನ್ನಿಗೆ ಒರಗು ಬೇಕು, ಕಾಲು ಕೆಳಗೆ ಬಿಟ್ಟು ಕೂರಬೇಕು, ಪರದೆ ಕಣ್ಣಿನ ಎತ್ತರಕ್ಕೆ ಬರಬೇಕು, ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಬೇಕು, ನೀರು ಕುಡಿಯಬೇಕು ಎಂದರು. ಒಂದೊಂದಕ್ಕೂ ನಾನು ತಲೆ ಆಡಿಸಿದೆ. ಅಟ್ಟಣೆಯ ಬಗ್ಗೆ ಹೇಳಲಿಲ್ಲ.

ವಾಪಸ್ಸು ಬರುವಾಗ ಜೀಪಿನಲ್ಲಿ ಗಂಡನೇ ಮಾತು ತೆಗೆದರು.

"ಅದು ಆರಾಮಾಗಿ ಕೂರಾಕೆ ಕಟ್ಟಿದ್ದಲ್ಲ ಕಣಮ್ಮಿ."

"ಯಾವುದು?"

"ಅಟ್ಟಣೆ. ಸೀಳಿದ ಬಿದಿರು ಹಾಕಿದ್ರೆ ಸಮ ಆಯ್ತದೆ, ನಿದ್ದೆ ಬತ್ತದೆ. ಆನೆ ಬಂದ್ರೂ ಗೊತ್ತಾಗಲ್ಲ. ಅದ್ಕೇ ಉಂಡೆ ಬಿದಿರು ಹಾಕದು. ಮಾಡು ತಗ್ಗು ಮಾಡದೂ ಅದ್ಕೇ, ನೆಟ್ಟಗೆ ಕೂರಾಕಾಗಬಾರದು ಅಂತ. ಬಿದಿರು ಒತ್ತಿ ಒತ್ತಿ ಕುಂತೋನು ಆಗಾಗ ಇಳಿದು ಗದ್ದೆ ಸುತ್ತ್ಕಂಡು ಬರ್ಬೇಕು."

"ಇಷ್ಟು ತಿಂಗಳು ನಾನು ಅಲ್ಲಿ ಕೂತಿದ್ದೆ."

"ಗೊತ್ತು. ನನ್ ತಲೆಗೆ ಹೋಗ್ಲಿಲ್ಲ. ನೀನು ಏನೂ ಹೇಳ್ಲಿಲ್ವಲ್ಲ, ಅಭ್ಯಾಸ ಆಯ್ತೇನೋ ಅಂದ್ಕಂಡೆ."

ಯೋಚಿಸಿ. ಮನುಷ್ಯರಿಗೆ ಆರಾಮ ಆಗಲೇಬಾರದು ಎಂದು ತಲೆಮಾರಿನಿಂದ ಕಟ್ಟಿಕೊಂಡು ಬಂದ ಜಾಗ. ಅಲ್ಲಿ ನಾನು ಆಫೀಸು ಇಟ್ಟಿದ್ದೆ. ಈ ಊರಲ್ಲೇ ಹುಟ್ಟಿದ ನನಗೆ ಅದು ಗೊತ್ತಿರಲಿಲ್ಲ, ಏಕೆಂದರೆ ಹೆಂಗಸರು ರಾತ್ರಿ ಕಾಯಲು ಹತ್ತುವುದಿಲ್ಲ.

ಮನೆಗೆ ಬಂದ ಮೇಲೆ ಗಂಡ ಕೆಲಸ ಬಿಡು ಎಂದರು. "ಮೈ ಕೆಡಿಸ್ಕಂಡು ಏನು ಪಣಿ ಅದು?" ಪಣಿ ಎಂದರೆ ಕೆಲಸ. ನಾನು ಬಿಡುವುದಿಲ್ಲ, ಬಿದಿರು ಬದಲಾಯಿಸಿ ಎಂದೆ. "ಬದಲಾಯಿಸಿದ್ರೆ ನಾನು ನಿದ್ದೆ ಹೊಡೀತೀನಿ, ಬಾಳೆ ಹೋಯ್ತದೆ" ಎಂದರು. ಇಬ್ಬರದೂ ಸರಿಯೇ. ಎರಡು ದಿನ ಮಾತು ಬಿಟ್ಟೆವು. ಅತ್ತೆ ತಟ್ಟೆ ಇಡುವಾಗ ಬೇಸತ್ತು ಹೇಳಿದರು, "ಹಗಲು ಒಂದು ಹಲಗೆ ಹಾಕಿ, ಸಂಜೆ ಎತ್ತಿ ಬಿಸಾಕಿ. ಇದ್ಕೆ ಇಷ್ಟು ಮುಖ ಊದಿಸ್ಕಬೇಕಾ?" ಹಾಗೇ ಮಾಡಿದೆವು. ಗಂಡ ಮಾಡನ್ನು ಎರಡು ಮೊಳ ಎತ್ತಿದರು. ಪ್ಲಾಸ್ಟಿಕ್ ಕುರ್ಚಿಯೊಂದನ್ನು ಹಗ್ಗ ಕಟ್ಟಿ ಮೇಲೆ ಎಳೆದರು. ಗದ್ದೆ ಮೇಲಿನ ವಯರು ಕಿತ್ತು ಸುತ್ತಿಟ್ಟು, ಪಂಪ್‌ಸೆಟ್ಟಿಗೆ ಬರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಜೋಡಣೆ ಇಲ್ಲದ ಹೊಸ ವಯರನ್ನು ಬೇಲಿ ಕಡೆಯಿಂದ ಪೈಪಿನೊಳಗೆ ತರಿಸಿದರು. ಸಂಜೆ ಕುರ್ಚಿ, ಹಲಗೆ ಕೆಳಗೆ, ಬೆಳಿಗ್ಗೆ ಮೇಲೆ.

ಕುರ್ಚಿ ಬಂತು, ಒರಗು ಬಂತು. ಇಳಿಯುವುದೊಂದು ಉಳಿದಿತ್ತು. ಅದಕ್ಕೆ ಹಲಗೆ ಸಾಲದು.

ಮತ್ತೆ ಕೆಲಸಕ್ಕೆ ಹತ್ತಿದ ಮೊದಲ ದಿನ ಒಂದು ಬಾಟಲಿ ನೀರು ಪೂರ್ತಿ ಕುಡಿದೆ. ಕೆಳಗೆ ಕೊನೆಯ ಗದ್ದೆಯಲ್ಲಿ ನಾಟಿ ನಡೆಯುತ್ತಿತ್ತು. ಹನ್ನೊಂದರ ಸುಮಾರಿಗೆ ಬಿಡುವು ಹಾಕಿ ಏಣಿ ಇಳಿದೆ. ಆ ಘಟನೆ ಆದ ಮೇಲೆ ಅವರ ಮುಂದೆ ಹೋಗುತ್ತಿರುವುದು ಅದೇ ಮೊದಲು. ಪೈರು ನೆಡುವ ಕೈಗಳೆಲ್ಲ ನಿಂತವು. ದೊಡ್ಡವ್ವ ಎದ್ದು ನಿಂತರು.

"ಎಲ್ಲಿಗವ್ವಾ?"

ಮನೆ ತನಕ ಎಂದು ಹೇಳಬಹುದಿತ್ತು. ಹೇಳುವುದು ಇನ್ನೇನು ಉಳಿದಿದೆ, ನೋಡಿದ್ದಾರಲ್ಲ ಎನ್ನಿಸಿತು.

"ಉಚ್ಚೆ ಹುಯ್ಯೋಕೆ, ದೊಡ್ಡವ್ವ."

ದೊಡ್ಡವ್ವ ಕೆಸರಿನಿಂದ ಕಾಲು ಕಿತ್ತರು.

"ಇರು, ನಾನೂ ಬತ್ತೀನಿ."

ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಬದುವಿನ ಮೇಲೆ ಸಾಲಾಗಿ ಮನೆ ಕಡೆ ನಡೆದೆವು. ನನಗೆ ಅರ್ಥವಾಗಲಿಲ್ಲ.

"ನೀವು ಇಷ್ಟು ದಿನ ಎಲ್ಲಿಗೆ ಹೋಗ್ತಿದ್ರಿ ದೊಡ್ಡವ್ವ?"

"ಹೋದ ವರ್ಷದವರೆಗೂ ಆ ಬಾಳೆ ಮರೆಗೆ ಹೋಯ್ತಿದ್ದೋ. ನಿಂಗೊತ್ತಿಲ್ವಾ, ನೀನೂ ಬತ್ತಿದ್ದೆ."

"ಆಗ ಗುಂಪಾಗಿ ಹೋಗ್ತಿದ್ವಲ್ಲ, ಕಾಡಂಚಿಗೆ ಒಬ್ಬಳೇ ಹೋಗೋಕಾಗ್ತದಾ? ಈ ವರ್ಷ?"

"ಈ ವರ್ಷ ನೀನು ಮೇಲೆ ಕುಂತಿದ್ಯಲ್ಲ. ಅಲ್ಲಿಂದ ಬಾಳೆ ಬುಡ ಎಲ್ಲ ಕಾಣ್ತದೆ. ಸಂಜೆ ತಂಕ ತಡ್ಕಳದು, ಇನ್ನೇನು."

"ನಾನು ನೋಡ್ತಿರಲಿಲ್ಲ, ನನ್ನ ಕೆಲಸ ನನಗೆ."

"ನಿನ್ ಮುಖ ನಮ್ ಕಡೆಗೇ ಇರ್ತಿತ್ತು ಕಣವ್ವಾ."

ಇತ್ತು. ಅವರು ನನ್ನನ್ನು ನೋಡುತ್ತಿದ್ದಾರಾ ಎಂದು ನಾನು ಇಡೀ ದಿನ ಅವರನ್ನೇ ನೋಡುತ್ತಿದ್ದೆ.

"ಅತ್ತೆನೂ ತಡ್ಕೋತಿದ್ರಾ?"

"ನಿಮ್ಮತ್ತೆಗೆ ಬೇರೆ ಏನಾರ ದಾರಿ ಅದಾ? ಕುಡಿಯೋ ನೀರಿನ ಕೊಡ ತುಂಬಿದ್ದು ತುಂಬಿದ ಹಂಗೇ ಮನೆಗೆ ಹೋಯ್ತಿತ್ತು. ಸೊಸೆಗೆ ಹೇಳು ಅಂದ್ರೆ, ಬ್ಯಾಡ, ಅವಳ ಕೆಲ್ಸಕ್ಕೆ ತೊಂದ್ರೆ ಅಂತಿದ್ಲು."

ಅಟ್ಟಣೆಯಿಂದ ಇಳಿದಾಗ ಆದ ನಾಚಿಕೆ ಒಂದು ಥರ. ಅದು ಮೈಯದು, ತೊಳೆದರೆ ಹೋಗುತ್ತದೆ. ಇದು ಹಾಗಲ್ಲ. ಎಲ್ಲರ ಕಣ್ಣೂ ನನ್ನ ಮೇಲೆಯೇ ಎಂದು ಹೆದರಿ ಕೂತಿದ್ದವಳು ನಾನು. ನನ್ನ ಕಣ್ಣಿಗೆ ಹೆದರಿ ಅಷ್ಟು ಹೆಂಗಸರು ಕೆಸರಲ್ಲಿ ಕಾಲು ಜೋಡಿಸಿ ನಿಂತಿದ್ದರು, ನನ್ನ ಅತ್ತೆಯೂ ಸೇರಿ. ಬಾಯಿ ಬಿಡಲು ನನಗೆ ಎಷ್ಟು ಕಷ್ಟವಾಗಿತ್ತೋ ಅವರಿಗೂ ಅಷ್ಟೇ.

ನಮ್ಮ ಮನೆಯ ಹಿತ್ತಲಲ್ಲಿ ಒಂದೇ ಕಕ್ಕಸು. ಸಾಲು ನಿಂತಿತು. ನಾನು ಕೊನೆಗೆ ನಿಂತೆ. ವಾಪಸ್ಸು ಮೇಲೆ ಹತ್ತಿದಾಗ ಮೈಸೂರಿನ ಹುಡುಗಿಯ ಮೆಸೇಜು ಕಾಯುತ್ತಿತ್ತು. ಹಿಂದಿನ ಸಲ, ಕರೆ ಅರ್ಧಕ್ಕೆ ಬಿಟ್ಟ ದಿನ, ನೆಟ್‌ವರ್ಕ್ ಹೋಯಿತು ಎಂದು, ಆಮೇಲಿನ ರಜೆಗೆ ಜ್ವರ ಎಂದು ಹೇಳಿ ತಪ್ಪಿಸಿಕೊಂಡಿದ್ದೆ. ಈ ಸಲ ಫೋನ್ ಮಾಡಿ ಇದ್ದದ್ದನ್ನು ಹೇಳಿದೆ. ಮರ, ಏಣಿ, ಬದು, ಸೋಂಕು, ಸಾಲು, ಎಲ್ಲ. ಕೆಲಸ ಹೋಯಿತು ಅಂದುಕೊಂಡೆ.

"ಮ್ಯಾಮ್, ನೀವು ಮರದ ಮೇಲಿಂದ ಮಾತಾಡ್ತಿದ್ರಾ?"

"ಹೌದಮ್ಮ."

"ಹಕ್ಕಿ ಸೌಂಡ್ ಕೇಳಿಸ್ತಿತ್ತು. ನಾನು ನೀವು ಸಾಕಿದ್ದೀರಾ ಅಂದ್ಕೊಂಡಿದ್ದೆ."

ಎರಡು ಚಿಕ್ಕ ಬಿಡುವು ಸೇರಿಸಿ ಬೆಳಿಗ್ಗೆ ಒಂದು ದೊಡ್ಡ ಬಿಡುವು ಮಾಡಿಕೊಟ್ಟಳು. ಮಧ್ಯಾಹ್ನ ಊಟಕ್ಕೆ ಮನೆಗೇ ಹೋಗಿ ಎಂದಳು. ಕೆಲಸ ಉಳಿಯಿತು, ಈಗಲೂ ಇದೆ. ಆ ಸಂಜೆಯೇ ಅತ್ತೆ ಹಳೆಯ ಚಾಪೆಯೊಂದನ್ನು ತಂದು ರಾತ್ರಿ ಸುತ್ತಿ ಎತ್ತುವ ಹಾಗೆ ಅಟ್ಟಣೆಯ ಬಾಳೆ ಕಡೆಗೆ ಕಟ್ಟಿದರು. ನಾನು ಗಂಟು ಹಿಡಿದುಕೊಂಡೆ. ಕ್ಷಮಿಸಿ ಎನ್ನಬೇಕು ಎಂದುಕೊಂಡೆ, ನಮ್ಮ ಮನೆಯಲ್ಲಿ ಆ ಮಾತಿನ ಅಭ್ಯಾಸ ಇಲ್ಲ. "ಗಟ್ಟಿ ಕಟ್ಟಿ ಅತ್ತೆ" ಎಂದೆ, ಅಷ್ಟೇ. ಅವರೂ "ಹ್ಞೂಂ" ಎಂದರು. ಇಂದಿಗೂ ಆ ಮಾತು ನಮ್ಮಿಬ್ಬರ ನಡುವೆ ಬಂದಿಲ್ಲ. ಇದನ್ನು ಬರೆಯುತ್ತಿರುವಾಗಲೂ ನನಗೆ ಕಿವಿ ಬಿಸಿಯಾಗಿಯೇ ಇದೆ.

ಇಷ್ಟು ಬರೆದದ್ದು ಸುಮ್ಮನೆ ಅಲ್ಲ. ನೀವು ಮಂಚದ ಮೇಲೋ, ಅಡುಗೆ ಕಟ್ಟೆ ಮುಂದೋ, ಮೆಟ್ಟಿಲ ಮೇಲೋ ಎಲ್ಲಿ ಕೂತು ದುಡಿಯುತ್ತಿದ್ದೀರೋ, ಯಾರ ಕಣ್ಣಿಗೆ ಹೆದರಿ ಯಾವ ನೋವು ನುಂಗಿಕೊಂಡಿದ್ದೀರೋ, ಕೆಳಗೆ ಬರೆಯಿರಿ. ನಿಮ್ಮಿಂದಾಗಿ ಮನೆಯಲ್ಲಿ ಇನ್ನೊಬ್ಬರು ಏನಾದರೂ ತಡೆದುಕೊಂಡಿದ್ದರಾ ಎಂದು ಅವರನ್ನೇ ಕೇಳಿ, ಅದನ್ನೂ ಬರೆಯಿರಿ. ಹೆಸರು ಹಾಕದಿದ್ದರೂ ಪರವಾಗಿಲ್ಲ, ನಾನೂ ಹಾಕಿಲ್ಲ.